ಮೊಸರಿನ ಗಡಿಗೆಗೆ ಹಾಲು: ಎದೆ ಉರಿ, ಹುಳಿ ತೇಗು ಯಾಕೆ ಬಿಡುವುದಿಲ್ಲ

ಗದಗಿನ ನಮ್ಮ ಮನೆಯಲ್ಲಿ ರಾತ್ರಿ ಒಂದು ಗಂಟೆಗೆ ಅಡುಗೆಮನೆಯ ದೀಪ ಹತ್ತಿತು ಎಂದರೆ ಅವ್ವನಿಗೆ ಎದೆ ಉರಿ ಎದ್ದಿದೆ ಎಂದೇ ಅರ್ಥ. ಗೋಡೆಗೆ ಬೆನ್ನು ಕೊಟ್ಟು ಕೂತಿರುತ್ತಿದ್ದಳು. ಕೈಯಲ್ಲಿ ಒಂದು ಲೋಟ ನೀರು, ಅದರಲ್ಲಿ ಅರ್ಧ ಚಮಚ ಅಡುಗೆ ಸೋಡಾ. ಅದನ್ನು ಕುಡಿದು, ಒಂದು ದೊಡ್ಡ ತೇಗು ತೇಗಿ, "ಈಗ ಹಗೂರಾತು ನೋಡು" ಅಂತ ಹೋಗಿ ಮಲಗುತ್ತಿದ್ದಳು. ಮರುದಿನ ರಾತ್ರಿ ಮತ್ತೆ ಅದೇ. "ಪಿತ್ತ ಆಗೇತಿ, ಖಾರ ಬಿಟ್ರ ಹೋಗ್ತೈತಿ" ಎಂದು ಮನೆಗೆ ಬಂದವರೆಲ್ಲ ಹೇಳಿದರು. ಅವ್ವ ಖಾರ ಬಿಟ್ಟಳು. ಉರಿ ಅವಳನ್ನು ಬಿಡಲಿಲ್ಲ.

ಯಾಕೆ ಬಿಡಲಿಲ್ಲ ಅನ್ನುವುದು ನಮಗೆ ಅರ್ಥವಾಗಲು ಬಹಳ ದಿನ ಹಿಡಿಯಿತು. ಅಷ್ಟು ದಿನ ನೀವೂ ಒದ್ದಾಡಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಹೊಟ್ಟೆಯಲ್ಲಿ ಹುಳಿ ಇರಲೇಬೇಕು. ದಿನಕ್ಕೆ ಸುಮಾರು 2 ಲೀಟರ್ ಜಠರ ರಸ ನಮ್ಮೊಳಗೆ ಊರುತ್ತದೆ. ಅದರಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲ. ತಿಂದ ಕಾಳು, ಬೇಳೆ ಕರಗಲು ಅದು ಬೇಕು. ಊಟದ ಜೊತೆ ಒಳಗೆ ಬಂದ ಕ್ರಿಮಿ ಸಾಯಲೂ ಅದು ಬೇಕು. ಅಂಥ ಹುಳಿ ಹೊಟ್ಟೆಯನ್ನೇ ಸುಡದಿರಲಿ ಅಂತ ಒಳಗೋಡೆಗೆಲ್ಲ ಒಂದು ದಪ್ಪ ಲೋಳೆಯ ಪದರ ಇದೆ. ಆದರೆ ಬಾಯಿಂದ ಹೊಟ್ಟೆಗೆ ಇಳಿಯುವ ಅನ್ನನಾಳಕ್ಕೆ ಅಂಥ ರಕ್ಷಣೆ ಇಲ್ಲ. ಅದರ ಬದಲು ನಾಳ ಹೊಟ್ಟೆಗೆ ಕೂಡುವಲ್ಲಿ ಸ್ನಾಯುವಿನ ಒಂದು ಬಿಗಿ ಬಳೆ ಇದೆ. ನಾವು ನುಂಗಿದಾಗ ತೆರೆಯುತ್ತದೆ, ತುತ್ತು ಇಳಿದ ಮೇಲೆ ಮುಚ್ಚಿಕೊಳ್ಳುತ್ತದೆ. ಆ ಬಳೆ ಸಡಿಲಾದರೆ ಹುಳಿ ಮೇಲಕ್ಕೆ ಏರುತ್ತದೆ. ಎದೆಯ ನಡುವೆ ಉರಿಯುವುದು ಅದೇ. ಬಹಳ ಜನರಲ್ಲಿ ಹುಳಿ ಜಾಸ್ತಿಯಾಗಿರುವುದೇ ಇಲ್ಲ. ಅದು ಬರಬಾರದ ಜಾಗಕ್ಕೆ ಬಂದಿರುತ್ತದೆ, ಅಷ್ಟೇ.

ಎದೆಯಲ್ಲಲ್ಲ, ಹೊಕ್ಕುಳಿನ ಮೇಲೆ, ಹೊಟ್ಟೆಯ ಬಾಯಲ್ಲೇ ಉರಿ ಎಂದರೆ ಸಂಗತಿ ಬೇರೆ ಇರಬಹುದು. ಅಲ್ಲಿ ಲೋಳೆಯ ಪದರವೇ ತೆಳುವಾಗಿರುವ ಸಾಧ್ಯತೆ ಇದೆ. ಮೊಣಕಾಲು ನೋವಿಗೆ, ತಲೆನೋವಿಗೆ ಅಂತ ಅಂಗಡಿಯಿಂದ ತಂದು ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಗುಳಿಗೆಗಳು ಆ ಪದರ ಕಾಯುವ ವಸ್ತುವನ್ನೇ ತಗ್ಗಿಸುತ್ತವೆ. ಸಾರಾಯಿ, ತಂಬಾಕೂ ಹೊಟ್ಟೆಗೆ ಪೆಟ್ಟು ಕೊಡುತ್ತವೆ. ಇನ್ನೊಂದು ದೊಡ್ಡ ಕಾರಣ ಒಂದು ಬ್ಯಾಕ್ಟೀರಿಯಾ, ಹೆಸರು ಹೆಲಿಕೋಬ್ಯಾಕ್ಟರ್ ಪೈಲೋರಿ. 1982ರಲ್ಲಿ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅದನ್ನು ಬೆಳೆಸಿ ತೋರಿಸಿದರು. ಅಷ್ಟು ಹುಳಿಯಲ್ಲಿ ಕ್ರಿಮಿ ಬದುಕುತ್ತದೆ ಅಂದರೆ ಯಾರೂ ನಂಬಲಿಲ್ಲ. 1984ರಲ್ಲಿ ಮಾರ್ಷಲ್ ಆ ಕ್ರಿಮಿ ಇದ್ದ ದ್ರವವನ್ನು ತಾವೇ ಕುಡಿದು ಹೊಟ್ಟೆಯ ಒಳಗೋಡೆಗೆ ಉರಿಯೂತ ತಂದುಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಈ ಕ್ರಿಮಿ ಇದ್ದರೆ ಪಥ್ಯ, ಚೂರ್ಣದ ಮೇಲೆ ಕಾಲ ಕಳೆಯಬೇಡಿ. ಪರೀಕ್ಷೆ ಮಾಡಿಸಿ, ಡಾಕ್ಟರು ಹೇಳಿದಷ್ಟು ದಿನ ಆಂಟಿಬಯೋಟಿಕ್ ತೆಗೆದುಕೊಂಡು ಅದನ್ನು ಹೊರಗೆ ಹಾಕಬೇಕು.

ಈಗ ಆಯುರ್ವೇದಕ್ಕೆ ಬರೋಣ. ಚರಕ ಸಂಹಿತೆಯಲ್ಲಿ ಈ ಕಾಯಿಲೆಗೆ ಅಂತಲೇ ಬೇರೆ ಅಧ್ಯಾಯ ಇಲ್ಲ. ಕಾಶ್ಯಪ ಸಂಹಿತೆ ಮತ್ತು ಮಾಧವ ನಿದಾನ ಎಂಬ ಹಳೆಯ ವೈದ್ಯ ಗ್ರಂಥಗಳು ಇದನ್ನು ಆಮ್ಲಪಿತ್ತ ಎಂದು ಹೆಸರಿಟ್ಟು ಬಿಡಿಸಿ ಹೇಳಿವೆ. ಅಲ್ಲಿರುವ ಲಕ್ಷಣಗಳನ್ನು ಓದಿದರೆ ನಮ್ಮ ಮನೆಯವರನ್ನೇ ನೋಡಿ ಬರೆದಂತಿದೆ. ಉಂಡದ್ದು ಕರಗುವುದಿಲ್ಲ, ದುಡಿಯದೆಯೂ ದಣಿವು, ವಾಕರಿಕೆ, ಕಹಿ ಹುಳಿ ತೇಗು, ಮೈ ಭಾರ, ಎದೆ ಗಂಟಲಲ್ಲಿ ಉರಿ, ಊಟ ಸೇರುವುದಿಲ್ಲ. ಪಿತ್ತದ ಸಹಜ ರುಚಿ ಖಾರ, ಅದು ಕೆಟ್ಟಾಗ ಹುಳಿಯಾಗುತ್ತದೆ ಎನ್ನುತ್ತಾನೆ ಸುಶ್ರುತ. ಹೀಗೆ ಕೆಟ್ಟದ್ದಕ್ಕೆ ವಿದಗ್ಧ ಎಂಬ ಮಾತಿದೆ. ಪೂರ್ತಿ ಬೇಯದೆ ಅರ್ಧ ಸುಟ್ಟು ಕೂತದ್ದು ಎಂದುಕೊಳ್ಳಿ. ಒಲೆಯ ಮೇಲೆ ಮರೆತ ಬೇಳೆ ತಳ ಹತ್ತಿ ಮೇಲೆ ಹಸಿಯಾಗಿ ಉಳಿಯುತ್ತದಲ್ಲ, ಹಾಗೆ.

ಕಾಶ್ಯಪ ಸಂಹಿತೆ ಒಂದು ಹೋಲಿಕೆ ಕೊಡುತ್ತದೆ. ಮೊಸರಿದ್ದ ಗಡಿಗೆಗೆ ಹಾಲು ಹಾಕಿದರೆ ಏನಾಗುತ್ತದೆ? ಹಾಲು ಎಷ್ಟೇ ಒಳ್ಳೆಯದಿರಲಿ, ಒಡೆದು ಹುಳಿಯಾಗುತ್ತದೆ. ಒಳಗೆ ಹುಳಿ ಕೂತ ಹೊಟ್ಟೆಗೆ ಮೇಲೆ ಮೇಲೆ ಊಟ ಹಾಕಿದರೂ ಅದೇ ಗತಿ. ನನಗೆ ಇಡೀ ವಿಷಯ ತಿಳಿದದ್ದು ಈ ಗಡಿಗೆಯಿಂದ. ಅವ್ವ ಖಾರ ಬಿಟ್ಟದ್ದು ಹಾಲು ಬದಲಿಸಿದಂತೆ. ಗಡಿಗೆ ತೊಳೆದಿರಲಿಲ್ಲ.

ಗಡಿಗೆ ತೊಳೆಯುವುದು ಹೇಗೆ? ಮೊದಲ ಊಟ ಕರಗಿದ ಮೇಲೆಯೇ ಮುಂದಿನ ಊಟ ಎನ್ನುತ್ತಾನೆ ಚರಕ. ಕರಗದಿರುವಾಗ ಮತ್ತೆ ಉಣ್ಣುವುದಕ್ಕೆ ಅಧ್ಯಶನ ಎಂದು ಹೆಸರು. ಹೊತ್ತು ತಪ್ಪಿ ಉಣ್ಣುವುದು, ಒಮ್ಮೆ ಜಾಸ್ತಿ ಒಮ್ಮೆ ಕಡಿಮೆ ಉಣ್ಣುವುದು ವಿಷಮಾಶನ. ಇವೆರಡೂ ನಮ್ಮ ಊರುಗಳಲ್ಲಿ ದಿನಾ ನಡೆಯುತ್ತವೆ. ಧಾರವಾಡದ ಸಪ್ತಾಪುರದಲ್ಲಿ ಪರೀಕ್ಷೆಗೆ ಓದುವ ಹುಡುಗರನ್ನು ನೋಡಿ. ಬೆಳಿಗ್ಗೆ ಬರೀ ಹೊಟ್ಟೆಗೆ ಚಹಾ, ಹನ್ನೊಂದಕ್ಕೆ ಮತ್ತೊಂದು ಚಹಾ, ಮಧ್ಯಾಹ್ನ ಎರಡೂವರೆಗೆ ಖಾನಾವಳಿ, ರಾತ್ರಿ ಹನ್ನೊಂದಕ್ಕೆ ಎಗ್ ರೈಸ್, ಉಂಡ ಕೂಡಲೇ ಹಾಸಿಗೆ. ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ಸಂಜೆ ಏಳಕ್ಕೆ ಒಂದು ಪ್ಲೇಟ್ ಚುರಮುರಿಯ ಗಿರಮಿಟ್, ಎರಡು ಮಿರ್ಚಿ ಭಜಿ ತಿಂದು, ಒಂಬತ್ತೂವರೆಗೆ ಮನೆಯಲ್ಲಿ ಮತ್ತೆ ರೊಟ್ಟಿ ಊಟಕ್ಕೆ ಕೂಡುತ್ತೇವೆ. ಎಣ್ಣೆಯಲ್ಲಿ ಕರಿದದ್ದು ಹೊಟ್ಟೆಯಿಂದ ಇಳಿಯಲು ನಾಲ್ಕು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ಎಣ್ಣೆ ಆ ಬಿಗಿ ಬಳೆಯನ್ನೂ ಸಡಿಲಿಸುತ್ತದೆ. ಸಾಲದ್ದಕ್ಕೆ ಕೂಡಲೇ ಮಲಗಿಬಿಟ್ಟರೆ ಹುಳಿ ಏರಲು ಇಳಿಜಾರೂ ಸಿಕ್ಕಂತಾಯಿತು.

ಇದರಲ್ಲಿ ನನಗೆ ಹೆಚ್ಚು ಸಂಕಟ ಕೊಡುವುದು ನಮ್ಮ ಹೆಣ್ಣುಮಕ್ಕಳ ಊಟ. ಅವ್ವನದೂ ಅದೇ. ಎಲ್ಲರಿಗೂ ಬಡಿಸಿ, ಪಾತ್ರೆ ತೊಳೆದು, ಅವಳು ತಾಟಿನ ಮುಂದೆ ಕೂರುವಷ್ಟರಲ್ಲಿ ಮಧ್ಯಾಹ್ನ ಮೂರಾಗಿರುತ್ತಿತ್ತು. ಅಲ್ಲಿಯವರೆಗೆ ನಾಲ್ಕು ಸಲ ಚಹಾ. ರಾತ್ರಿ ಹತ್ತೂವರೆಗೆ ಉಳಿದದ್ದು ಹಾಳಾಗಬಾರದು ಅಂತ ಒಂದು ಹಿಡಿ ಜಾಸ್ತಿ. ಸೋಮವಾರ, ಶ್ರಾವಣದ ಉಪವಾಸ ಬೇರೆ. ಉಪವಾಸದ ದಿನ ಹೊಟ್ಟೆ ಖಾಲಿ, ಚಹಾ ಮಾತ್ರ ತುಂಬ. ಇದನ್ನು ಯಾರೂ ಕಾಯಿಲೆಯ ಕಾರಣ ಅಂತ ಎಣಿಸಲಿಲ್ಲ. ಮೆಣಸಿನಕಾಯಿಯನ್ನು ಮಾತ್ರ ಬೈದೆವು.

ಮೆಣಸಿನಕಾಯಿಯ ಬಗ್ಗೆ ನ್ಯಾಯವಾಗಿ ಒಂದೆರಡು ಮಾತು ಹೇಳಬೇಕು. ಅದರ ಖಾರಕ್ಕೆ ಕಾರಣ ಕ್ಯಾಪ್ಸೈಸಿನ್. ಅದು ಬಿಸಿಯನ್ನು ಗುರುತಿಸುವ ನರಗಳನ್ನೇ ಮುಟ್ಟುತ್ತದೆ, ಆದ್ದರಿಂದ ಬೆಂಕಿ ತಾಗಿದಂತೆ ಅನಿಸುತ್ತದೆ. ಆ ನರದ ಬಾಗಿಲನ್ನು 1997ರಲ್ಲಿ ಗುರುತಿಸಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಒಳಗೋಡೆ ಗಟ್ಟಿ ಇದ್ದವರಿಗೆ ಹಿತಮಿತದ ಖಾರ ಹುಣ್ಣು ತರುವುದಿಲ್ಲ. ಈಗಾಗಲೇ ಕೆಂಪಾದ ಅನ್ನನಾಳಕ್ಕೆ ಮಾತ್ರ ಗಾಯದ ಮೇಲೆ ಉಪ್ಪು ಸವರಿದಂತೆ. ಇನ್ನು ಹಾವೇರಿ ಜಿಲ್ಲೆಯ ನಮ್ಮ ಬ್ಯಾಡಗಿ ಮೆಣಸಿನಕಾಯಿ ಹೆಸರಾದದ್ದು ಬಣ್ಣಕ್ಕೆ, ಖಾರಕ್ಕಲ್ಲ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿತು. ಪಲ್ಯ ಕೆಂಪಗಿದೆ ಅಂದ ಮಾತ್ರಕ್ಕೆ ಅದು ಉರಿಸುತ್ತದೆ ಅಂತಲ್ಲ. ಉರಿ ಇರುವಷ್ಟು ದಿನ ಹಸಿಮೆಣಸಿನಕಾಯಿ, ರಂಜಕ, ಗುಂಟೂರಿನ ಖಾರಪುಡಿ ಪಕ್ಕಕ್ಕಿಡಿ. ಬ್ಯಾಡಗಿ ಸ್ವಲ್ಪ ಹಾಕಿಕೊಳ್ಳಿ. ಖಾರದ ಮಾಂಸದ ಅಡುಗೆಗೆ ಹೆಸರಾದ ಸಾವಜಿ ಊಟ ಆಮೇಲೆ ನೋಡೋಣ. ಅಲ್ಲಿಯೂ ಖಾರಕ್ಕಿಂತ ಮೇಲೆ ತೇಲುವ ಎಣ್ಣೆಯ ಕಡೆ ಜಾಸ್ತಿ ಗಮನ ಇರಲಿ.

ಹೊಟ್ಟೆ ಖಾಲಿಯಾಗಿದೆಯೋ ಇಲ್ಲವೋ ತಿಳಿಯುವುದು ಹೇಗೆ ಅಂತ ನೀವು ಕೇಳಬಹುದು. ಅದಕ್ಕೂ ಹಳೆಯ ಗ್ರಂಥಗಳಲ್ಲಿ ಗುರುತು ಇದೆ: ತೇಗು ಶುದ್ಧವಾಗಿರಬೇಕು, ಮೈ ಹಗುರ ಇರಬೇಕು, ಮಲಮೂತ್ರ ಸಲೀಸಾಗಬೇಕು, ನಿಜವಾದ ಹಸಿವು ನೀರಡಿಕೆ ಬರಬೇಕು. ಸಂಜೆ ಆರಕ್ಕೆ ತೇಗು ಬಂತು, ಅದರಲ್ಲಿ ಮಧ್ಯಾಹ್ನದ ಬದನೆಕಾಯಿಯ ವಾಸನೆ ಇದೆ ಅಂದರೆ ಗಡಿಗೆ ಇನ್ನೂ ತೊಳೆದಿಲ್ಲ. ಆಗ ಭಜಿ ತಿನ್ನಬೇಡಿ. ಇಷ್ಟನ್ನೇ ಒಂದು ವಾರ ಪಾಲಿಸಿ ನೋಡಿ. ಇನ್ನು ಎಷ್ಟು ಉಣ್ಣಬೇಕು ಎನ್ನುವುದಕ್ಕೆ ವಾಗ್ಭಟನ ಲೆಕ್ಕ ಸುಲಭ: ಹೊಟ್ಟೆಯನ್ನು ನಾಲ್ಕು ಪಾಲು ಮಾಡಿ, ಎರಡು ಪಾಲು ಊಟಕ್ಕೆ, ಒಂದು ನೀರಿಗೆ, ಒಂದು ಗಾಳಿಗೆ ಬಿಡಿ. ತುಂಬಿದ ಚೀಲದ ಬಾಯಿ ಬಿಗಿಯಾಗಿ ಕಟ್ಟಲು ಬರುತ್ತದೆಯೇ?

ರಾತ್ರಿ ಊಟಕ್ಕೂ ಮಲಗುವುದಕ್ಕೂ ನಡುವೆ ಮೂರು ಗಂಟೆ ಇರಲಿ. ರಾತ್ರಿ ಉರಿ ಏಳುವವರು ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಇಟ್ಟಿಗೆ ಇಟ್ಟು ಅರ್ಧ ಅಡಿ ಎತ್ತರಿಸಿ. ತಲೆದಿಂಬು ಪೇರಿಸಿದರೆ ಕುತ್ತಿಗೆ ಬಾಗುತ್ತದೆಯೇ ಹೊರತು ಹೊಟ್ಟೆ ಕೆಳಗಾಗುವುದಿಲ್ಲ. ನಮ್ಮ ಹಿರಿಯರು ಉಂಡು "ಒಂಚೂರು ವಾಮಕುಕ್ಷಿ ಮಾಡ್ತೀನಿ" ಅಂತ ಎಡಕ್ಕೆ ಒರಗುತ್ತಿದ್ದರು. ಎಡ ಮಗ್ಗುಲಲ್ಲಿ ಹೊಟ್ಟೆಯ ಚೀಲ ಕೆಳಗಿದ್ದು ಅನ್ನನಾಳದ ಬಾಯಿ ಮೇಲೆ ಉಳಿಯುತ್ತದೆ. ಹುಳಿ ಅಷ್ಟು ಸುಲಭವಾಗಿ ಏರುವುದಿಲ್ಲ. ರಾತ್ರಿ ಮಲಗುವಾಗ ಹಾಗೇ ಮಲಗಿ. ಆದರೆ ಹಗಲು ಉಂಡು ಗಡದ್ದು ನಿದ್ದೆ ಹೊಡೆಯುವುದನ್ನು ಆಯುರ್ವೇದ ಆಮ್ಲಪಿತ್ತಕ್ಕೆ ಕಾರಣ ಎಂದೇ ಹೇಳುತ್ತದೆ.

ತಾಟಿನಲ್ಲಿ ಏನಿರಬೇಕು? ಇಲ್ಲಿ ನಮ್ಮ ಸೀಮೆಯವರು ಅದೃಷ್ಟವಂತರು. ಹೆಸರುಬೇಳೆ, ಹಳೆಯ ಅಕ್ಕಿ, ಗೋಧಿ, ಬೂದುಗುಂಬಳ, ಪಡವಲಕಾಯಿ, ಹಾಗಲಕಾಯಿ, ದಾಳಿಂಬೆ, ಹಾಲು, ತುಪ್ಪ ಇವೆಲ್ಲ ಗ್ರಂಥಗಳು ಹೇಳುವ ಪಥ್ಯ. ಕಹಿ ರುಚಿ ಪಿತ್ತ ತಗ್ಗಿಸುತ್ತದೆ, ಅದಕ್ಕೇ ಹಾಗಲ, ಪಡವಲ. ಬೇಡ ಎನ್ನುವ ಪಟ್ಟಿಯಲ್ಲಿ ಹುರುಳಿ, ಉದ್ದು, ಎಳ್ಳು, ಹುಳಿ ಪದಾರ್ಥ, ರಾತ್ರಿಯ ಮೊಸರು ಇವೆ. ಗ್ರಂಥದಲ್ಲಿ ಇನ್ನೊಂದು ಪಥ್ಯವಿದೆ, ಲಾಜ. ಅಂದರೆ ಭತ್ತದ ಅರಳು. ಅದರ ಹೆಸರು ಓದಿದಾಗ ನನಗೆ ನಾಗರಪಂಚಮಿಯ ಜೋಳದ ಅಳ್ಳು ನೆನಪಾಯಿತು. ಎಣ್ಣೆ ಇಲ್ಲದೆ ಬಿಸಿಯಲ್ಲೇ ಅರಳಿದ ಧಾನ್ಯ ಬಾಯಲ್ಲಿ ಇಟ್ಟರೆ ಕರಗುವಷ್ಟು ಹಗುರ. ಸಂಜೆ ಏಳಕ್ಕೆ ಬಾಯಿ ಬಯಸಿದಾಗ ಹಿಡಿ ಅಳ್ಳು ಮೆಲ್ಲಿ. ಗಿರಮಿಟ್ ಬೇಕೇ ಬೇಕು ಅನ್ನುವವರು ಚುರಮುರಿಗೆ ಹುಣಸೆ, ಹಸಿ ಉಳ್ಳಾಗಡ್ಡಿ ಇಲ್ಲದೆ ಸೌತೆಕಾಯಿ, ಕೊತ್ತಂಬರಿ, ಪುಟಾಣಿ ಹಿಟ್ಟು ಕಲಸಿಕೊಳ್ಳಿ. ರುಚಿ ಅದೇ ಅಂತ ನಾನು ಹೇಳುವುದಿಲ್ಲ. ಆದರೆ ರಾತ್ರಿ ನಿದ್ದೆ ಬರುತ್ತದೆ.

ಮಜ್ಜಿಗೆಯ ಬಗ್ಗೆ ದೊಡ್ಡ ಗೊಂದಲ ಇದೆ. "ಮಜ್ಜಿಗಿ ತಂಪು, ಎಷ್ಟರೆ ಕುಡಿ" ಅನ್ನುತ್ತಾರೆ. ಎರಡು ದಿನದ ಹುಳಿ ಮಜ್ಜಿಗೆ ಪಿತ್ತ ಹೆಚ್ಚಿಸುತ್ತದೆ. ಗ್ರಂಥದ ಮಾತು ಸ್ಪಷ್ಟ ಇದೆ: ವಾತಕ್ಕೆ ಸೈಂಧವ ಲವಣ ಹಾಕಿದ ಹುಳಿ ಮಜ್ಜಿಗೆ, ಪಿತ್ತಕ್ಕೆ ಸಕ್ಕರೆ ಹಾಕಿದ ಸಿಹಿ ಮಜ್ಜಿಗೆ. ಅಂದೇ ಹೆಪ್ಪಾದ ಸಿಹಿ ಮೊಸರು ಒಂದು ಪಾಲು, ನೀರು ಮೂರು ನಾಲ್ಕು ಪಾಲು, ಚೆನ್ನಾಗಿ ಕಡೆದು ಬೆಣ್ಣೆ ತೆಗೆಯಿರಿ. ಮಧ್ಯಾಹ್ನ ಜೋಳದ ನುಚ್ಚಿಗೆ ಹಾಕಿಕೊಂಡು ಉಂಡರೆ ಇನ್ನೇನು ಬೇಕು? ಹಸಿಮೆಣಸಿನಕಾಯಿ ಒಗ್ಗರಣೆ ಮಾತ್ರ ಬೇಡ.

ಮನೆಮದ್ದಿನಲ್ಲಿ ನನಗೆ ಅತ್ಯಂತ ನಂಬಿಕೆ ಇರುವುದು ಕೊತ್ತಂಬರಿ ಕಾಳಿನ ಹಿಮಕ್ಕೆ. ಹಿಮ ಎಂದರೆ ಕುದಿಸದೆ ತಣ್ಣೀರಲ್ಲಿ ನೆನೆಸಿದ ಕಷಾಯ. ಶಾರ್ಙ್ಗಧರ ಸಂಹಿತೆ ಒಳಗಿನ ಉರಿಗೆ, ನೀರಡಿಕೆಗೆ ಇದನ್ನು ಹೇಳುತ್ತದೆ. ರಾತ್ರಿ ಎರಡು ಚಮಚ ಕೊತ್ತಂಬರಿ ಕಾಳನ್ನು ಒರಳಲ್ಲಿ ಒಡೆಯುವಷ್ಟು ಮಾತ್ರ ಕುಟ್ಟಿ. ಪುಡಿ ಮಾಡಬೇಡಿ, ಸೋಸಲು ಬರುವುದಿಲ್ಲ. ಅದರ ಆರು ಪಟ್ಟು ನೀರು ಹಾಕಿ, ಬಟ್ಟೆ ಕಟ್ಟಿ ಇಡಿ. ಮಣ್ಣಿನ ಗಡಿಗೆ ಇದ್ದರೆ ಇನ್ನೂ ಚಲೋ. ಬೆಳಿಗ್ಗೆ ಕೈಯಿಂದ ಕಿವುಚಿ ಸೋಸಿ, ಚೂರು ಕಲ್ಲುಸಕ್ಕರೆ ಹಾಕಿ, ಚಹಾದ ಬದಲು ಕುಡಿಯಿರಿ. ತಿಳಿ ಬಣ್ಣ, ಮೂಗಿಗೆ ಹೊಲದ ವಾಸನೆ. ಬರೀ ಹೊಟ್ಟೆಯ ಚಹಾ ತಪ್ಪುವುದೇ ಇದರ ಅರ್ಧ ಲಾಭ ಅಂತ ನನ್ನ ಅನಿಸಿಕೆ. ರಾತ್ರಿ ನೆನೆಸಿದ ಹತ್ತು ಮನೂಕವೂ ಒಳ್ಳೆಯದು, ಮಲಬದ್ಧತೆ ಇದ್ದವರಿಗೆ ಇನ್ನೂ ಒಳ್ಳೆಯದು. ಬೆಟ್ಟದ ನೆಲ್ಲಿಕಾಯಿ ಹುಳಿಯಾದರೂ ಅದರ ಗುಣ ತಂಪು ಎಂದು ಆಯುರ್ವೇದ ಅದನ್ನು ಪಿತ್ತಕ್ಕೆ ಕೊಡುತ್ತದೆ. ಆದರೂ ಉರಿ ಜೋರಿರುವ ದಿನ ಹಸಿಕಾಯಿ ಕಚ್ಚಬೇಡಿ.

ತಣ್ಣನೆ ಹಾಲು ಕುಡಿದರೆ ಕೂಡಲೇ ಹಿತ ಅನಿಸುತ್ತದೆ, ನಿಜ. ಆದರೆ ಹಾಲಿನ ಪ್ರೋಟೀನು, ಕ್ಯಾಲ್ಸಿಯಂ ಸ್ವಲ್ಪ ಹೊತ್ತಿನ ಮೇಲೆ ಹೊಟ್ಟೆಗೆ ಮತ್ತೆ ಹುಳಿ ಸುರಿಸಲು ಹೇಳುತ್ತವೆ. ಮಲಗುವ ಮುಂಚೆ ದೊಡ್ಡ ಲೋಟ ಹಾಲು ಕುಡಿದು ನಡುರಾತ್ರಿ ಏಳುವವರು ಅದನ್ನು ಸಂಜೆಗೆ ಸರಿಸಿ ನೋಡಿ. ಅವ್ವನ ಅಡುಗೆ ಸೋಡಾ ಕೆಲಸ ಮಾಡುತ್ತಿದ್ದದ್ದು ಹುಳಿಯ ಜೊತೆ ಕೂಡಿ ಗಾಳಿಯಾಗಿ. ಆ ತೇಗು ಅದೇ ಗಾಳಿ. ಅಪರೂಪಕ್ಕೆ ಸರಿ, ದಿನಾ ಅಲ್ಲ. ಅದರಲ್ಲಿ ಸೋಡಿಯಂ ತುಂಬ ಇದೆ. ಬಿಪಿ, ಕಿಡ್ನಿ, ಹೃದಯದ ತೊಂದರೆ ಇದ್ದವರಿಗೆ ಬೇಡವೇ ಬೇಡ. ಗೋಲಿ ಸೋಡಾ ಹೊಟ್ಟೆಯನ್ನು ಉಬ್ಬಿಸಿ ಬಳೆಯನ್ನು ತೆರೆಯುತ್ತದೆ.

ಅಂಗಡಿಯಲ್ಲಿ ಸಿಗುವ ಅವಿಪತ್ತಿಕರ ಚೂರ್ಣ ಈ ಕಾಯಿಲೆಗೆ ಹೆಸರಾದ ಮದ್ದು. ಅದರ ಲೆಕ್ಕ ಬಿಡಿಸಿ ನೋಡಿದರೆ ಅರ್ಥವಾಗುತ್ತದೆ. ಶುಂಠಿ, ಮೆಣಸು, ಹಿಪ್ಪಲಿ, ತ್ರಿಫಲದ ಮೂರು, ಭದ್ರಮುಷ್ಟಿ, ಬಿಡ ಲವಣ, ವಾಯುವಿಡಂಗ, ಏಲಕ್ಕಿ, ತೇಜಪತ್ರೆ ಹೀಗೆ ಹನ್ನೊಂದು ವಸ್ತು ಒಂದೊಂದು ಪಾಲು. ಲವಂಗ 11 ಪಾಲು, ತಿಗಡೆ ಬೇರು 44 ಪಾಲು, ಸಕ್ಕರೆ 66 ಪಾಲು. ಒಟ್ಟು 132. ಅಂದರೆ ಅರ್ಧ ಸಕ್ಕರೆ, ಮೂರರಲ್ಲಿ ಒಂದು ಪಾಲು ತಿಗಡೆ. ತಿಗಡೆ ಭೇದಿ ಮಾಡಿಸುವ ಬೇರು. ಪಿತ್ತವನ್ನು ಕೆಳಗಿನಿಂದ ಹೊರಗೆ ಕಳಿಸುವುದೇ ಈ ಚೂರ್ಣದ ಉಪಾಯ, ಗಡಿಗೆ ತೊಳೆಯುವ ಇನ್ನೊಂದು ದಾರಿ. ಹಾಗಾಗಿ ಸಕ್ಕರೆ ಕಾಯಿಲೆ ಇದ್ದವರು, ಬಸುರಿಯರು, ಭೇದಿ ಇರುವವರು ಸುಮ್ನೆ ತೆಗೆದುಕೊಳ್ಳಬಾರದು. ಜೇಷ್ಠಮಧು ಉರಿಗೆ ಹಿತ, ಆದರೆ ವಾರಗಟ್ಟಲೆ ತಿಂದರೆ ಬಿಪಿ ಏರಿಸುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ. ಸೂತಶೇಖರ ರಸದಲ್ಲಿ ಪಾದರಸ, ಗಂಧಕ ಇವೆ. ಯಾರೋ ಹೇಳಿದರು ಅಂತ ಅಂಗಡಿಯಲ್ಲಿ ಕೊಂಡು ನುಂಗುವ ಮದ್ದು ಅದಲ್ಲ. ಹುಬ್ಬಳ್ಳಿಯಲ್ಲೂ ಗದಗಿನಲ್ಲೂ ಆಯುರ್ವೇದ ಕಾಲೇಜುಗಳಿವೆ, ಓದಿದ ವೈದ್ಯರಿದ್ದಾರೆ. ನಾಡಿ ತೋರಿಸಿ, ಈಗ ತೆಗೆದುಕೊಳ್ಳುವ ಗುಳಿಗೆಗಳ ಚೀಟಿಯನ್ನೂ ತೋರಿಸಿ.

ಪ್ಯಾಂಟೊಪ್ರಝೋಲ್, ಒಮೆಪ್ರಝೋಲ್ ದಿನಾ ನುಂಗುವವರಿಗೆ ಒಂದು ಮಾತು. ಅವು ಹುಳಿ ಸುರಿಸುವ ಪಂಪನ್ನೇ ನಿಲ್ಲಿಸುತ್ತವೆ. ಬೆಳಿಗ್ಗೆ ತಿಂಡಿಗೆ ಅರ್ಧ ಗಂಟೆ ಮುಂಚೆ ನುಂಗಿದರೆ ಮಾತ್ರ ಸರಿಯಾಗಿ ಕೆಲಸ ಮಾಡುತ್ತವೆ, ಉಂಡ ಮೇಲೆ ಅಲ್ಲ. ವರ್ಷಗಟ್ಟಲೆ ತೆಗೆದುಕೊಂಡರೆ ಬಿ12, ಮೆಗ್ನೀಸಿಯಂ ಕಡಿಮೆಯಾಗಬಹುದು. ಹಾಗಂತ ಆಯುರ್ವೇದ ಶುರು ಮಾಡಿದೆ ಅಂತ ಒಂದೇ ದಿನ ನಿಲ್ಲಿಸಬೇಡಿ. ತಡೆದಿಟ್ಟ ಹುಳಿ ಒಮ್ಮೆಲೇ ಮೊದಲಿಗಿಂತ ಜೋರಾಗಿ ಬರಬಹುದು. ಎಷ್ಟೋ ಜನ ಆಗ "ಚೂರ್ಣ ನನಗೆ ಹಿಡಿಸಲಿಲ್ಲ" ಅನ್ನುತ್ತಾರೆ. ಡಾಕ್ಟರನ್ನು ಕೇಳಿ ನಿಧಾನಕ್ಕೆ ಇಳಿಸಬೇಕು.

ಎಲ್ಲ ಉರಿಯೂ ಪಿತ್ತವಲ್ಲ. ಎದೆ ಹಿಂಡಿದಂತಾಗಿ ಬೆವರು ಬಂದರೆ, ನೋವು ಎಡಗೈಗೆ, ದವಡೆಗೆ ಹರಿದರೆ, ಮೆಟ್ಟಿಲು ಹತ್ತಿದಾಗ ಬಂದು ಕೂತಾಗ ಇಳಿದರೆ "ಗ್ಯಾಸ್ ಆಗೇತಿ" ಅಂತ ಜೀರಿಗೆ ನೀರು ಕುದಿಸುತ್ತ ನಿಲ್ಲಬೇಡಿ. ಆಗಲೇ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ. ಡಾಂಬರಿನಂತೆ ಕಪ್ಪು ಮಲ, ರಕ್ತವಾಂತಿ ಆದರೂ ತಡ ಮಾಡುವಂತಿಲ್ಲ. ನುಂಗಲು ತೊಂದರೆ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತ ಕಡಿಮೆಯಾಗುವುದು, ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದ ಉರಿ ಇದ್ದರೆ ಎಂಡೋಸ್ಕೋಪಿ ಬೇಕು. ಅವ್ವನಿಗೂ ಮಾಡಿಸಿದೆವು. ಹುಣ್ಣು ಇರಲಿಲ್ಲ, ಅನ್ನನಾಳದ ಕೆಳಗೆ ಕೆಂಪಾಗಿತ್ತು.

ಆಮೇಲಿನ ಮೂರು ತಿಂಗಳು ಅವಳಿಗೆ ಕಷ್ಟವಾದದ್ದು ಪಥ್ಯವಾಗಿರಲಿಲ್ಲ. ಎಲ್ಲರಿಗಿಂತ ಮುಂಚೆ ಉಣ್ಣುವುದಾಗಿತ್ತು. "ಗಂಡಸ್ರು ಉಣ್ಣೂಕಿಂತ ಮೊದ್ಲ ನಾ ಹೆಂಗ ಉಣ್ಣಲಿ" ಅಂತ ತಾಟು ಸರಿಸುತ್ತಿದ್ದಳು. ಅಪ್ಪನೇ ಒಂದು ದಿನ ಅವಳ ತಾಟಿಗೆ ನುಚ್ಚು ಬಡಿಸಿ, ಮಜ್ಜಿಗೆ ಹಾಕಿ, ಎದುರಿಗೆ ಕೂತರು. ಈಗ ಅವ್ವ ಮಧ್ಯಾಹ್ನ ಹನ್ನೆರಡೂವರೆಗೆ ಉಣ್ಣುತ್ತಾಳೆ, ರಾತ್ರಿ ಏಳೂವರೆಗೆ. ತಡವಾಗಿ ಬಂದವರು ತಾವೇ ಬಡಿಸಿಕೊಳ್ಳುತ್ತೇವೆ. ಕೊತ್ತಂಬರಿ ಕಾಳಿನ ಪುಟ್ಟ ಗಡಿಗೆ ಜಗಲಿಯ ಮೂಲೆಯಲ್ಲಿದೆ, ಸೋಡಾ ಡಬ್ಬಿ ಭಜಿ ಮಾಡುವ ದಿನ ಮಾತ್ರ ಕೆಳಗಿಳಿಯುತ್ತದೆ.